ಫಿಟ್ಸ್ ಬಂದಿದ್ದು ನಿಜ, ರಿಪೋರ್ಟ್ ಮಾತ್ರ ನಾರ್ಮಲ್: ಮುಂದೇನು?

ಅಂಗಡಿ ಬಾಗಿಲು ತೆಗೆಯುವಾಗ ಒಬ್ಬರಿಗೆ ಮೊದಲ ಸಲ ಫಿಟ್ಸ್ ಬರುತ್ತದೆ. ಎಂಆರ್‌ಐ, ಇಇಜಿ ಎರಡೂ ನಾರ್ಮಲ್. ‘ಮೂರ್ಛೆ ರೋಗ ಹೌದೋ ಅಲ್ವೋ ಈಗಲೇ ಹೇಳಕ್ಕಾಗಲ್ಲ’ ಅಂತಾರೆ ವೈದ್ಯರು. ಸಾವಿರಾರು ರೂಪಾಯಿ ಸುರಿದ ಮನೆಯವರಿಗೆ ಇದು ಉತ್ತರವೇ ಅಲ್ಲ ಅನ್ನಿಸುತ್ತದೆ.

ಆದರೆ ಇದು ಜಾರಿಕೊಳ್ಳುವ ಮಾತಲ್ಲ. ಇಇಜಿ ತೋರಿಸುವುದು ಪರೀಕ್ಷೆ ನಡೆದ ಹೊತ್ತಿನ ಮೆದುಳನ್ನು ಮಾತ್ರ. ಮೂರ್ಛೆ ರೋಗ ಇದ್ದವರಲ್ಲೂ ಸುಮಾರು ಅರ್ಧದಷ್ಟು ಜನರ ಮೊದಲ ಇಇಜಿ ನಾರ್ಮಲ್ ಬರುತ್ತದೆ. ಇನ್ನೊಂದು ಕಡೆ, ಸ್ಪಷ್ಟ ಕಾರಣವಿಲ್ಲದೆ ಒಮ್ಮೆ ಫಿಟ್ಸ್ ಬಂದ 100 ಜನರಲ್ಲಿ 2 ವರ್ಷದೊಳಗೆ ಮತ್ತೆ ಬರುವುದು 21ರಿಂದ 45 ಮಂದಿಗೆ. ಅದಕ್ಕೇ ಎಲ್ಲರಿಗೂ ತಕ್ಷಣ ಮಾತ್ರೆ ಶುರು ಮಾಡಲ್ಲ.

ಇಕ್ಕಟ್ಟು ಇರೋದು ದಿನದ ದುಡಿಮೆಯಲ್ಲಿ. ರೋಗಕ್ಕೆ ಹೆಸರಿಲ್ಲ, ಆದರೂ ವೈದ್ಯರು ಒಪ್ಪುವವರೆಗೆ ಬೈಕ್ ಓಡಿಸುವಂತಿಲ್ಲ, ಏಣಿ ಹತ್ತುವಂತಿಲ್ಲ. ನಿದ್ದೆಗೆಡುವುದು, ಕುಡಿತ ಎರಡೂ ಬೇಡ. ಸಂತೆಯಿಂದ ಸಾಮಾನು ತರಲು ಮನೆಯವರೋ ಪಕ್ಕದಂಗಡಿಯವರೋ ಕೈಜೋಡಿಸಬೇಕು.

ಮತ್ತೆ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನೂ ತುರುಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಮೊಬೈಲಲ್ಲಿ ವಿಡಿಯೋ ಮಾಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ರಿಪೋರ್ಟ್ ಹೇಳದ್ದನ್ನು ಎಷ್ಟೋ ಸಲ ಆ ವಿಡಿಯೋ ಹೇಳುತ್ತದೆ.