ಬೆನ್ನೊಳಗಿನ ಒಲೆ

ಶಿರಾ ಸೀಮೆಯ ಒಂದು ರೊಪ್ಪದಲ್ಲಿ, ಮಾಗಿಯ ಚಳಿಯ ರಾತ್ರಿ, ಕುರಿ ಈಯುವುದನ್ನು ನೋಡಿದ್ದೇನೆ. ನೆಲಕ್ಕೆ ಬಿದ್ದ ಮರಿಯ ಒದ್ದೆ ಮೈಯಿಂದ ಹಬೆ ಏಳುತ್ತಿತ್ತು. ತಾಯಿ ಒಂದು ಕಡೆಯಿಂದ ನೆಕ್ಕುತ್ತಿದ್ದರೆ ಕುರಿ ಕಾಯುವ ಅಜ್ಜ ಇನ್ನೊಂದು ಕಡೆಯಿಂದ ಗೋಣಿತಾಟಿನಲ್ಲಿ ಉಜ್ಜಿದ. ಮೊಲೆತೊಟ್ಟಿಗೆ ಕಟ್ಟಿಕೊಂಡಿದ್ದ ಮೇಣದಂಥದ್ದನ್ನು ಹಿಂಡಿ ತೆಗೆದು ಗಿಣ್ಣುಹಾಲು ಕುಡಿಸಿದ. ಆಮೇಲೆ ಬೆರಳನ್ನು ಮರಿಯ ಬಾಯೊಳಗಿಟ್ಟು ನೋಡಿ, "ಬಾಯಿ ಬೆಚ್ಚಗೈತೆ, ಬದುಕ್ತದೆ ಬಿಡು" ಎಂದ. ತಣ್ಣಗಿದ್ದಿದ್ದರೆ? "ಕಂಬ್ಳಿ ಒಳಕ್ಕೆ, ಒಲೆ ಪಕ್ಕಕ್ಕೆ. ಇನ್ನೇನ್ ಮಾಡದು?"

ಅಜ್ಜನ ಬೆರಳು ತಡವಿ ನೋಡಿದ್ದು ಕಂದು ಕೊಬ್ಬಿನ ಕೆಲಸವನ್ನು. ಹುಟ್ಟಿದ ಕುರಿಮರಿಯ ಮೈಯಲ್ಲಿರುವ ಕೊಬ್ಬು ಹೆಚ್ಚುಕಡಿಮೆ ಎಲ್ಲವೂ ಆ ಜಾತಿಯದೇ, ಅದರಲ್ಲೂ ಮೂತ್ರಪಿಂಡದ ಸುತ್ತ ಹೆಚ್ಚು. ಮನುಷ್ಯರ ಕೂಸಿನಲ್ಲಿ ಅದು ಹೆಗಲೆಲುಬುಗಳ ನಡುವೆ, ಕತ್ತಿನ ಬುಡದಲ್ಲಿ, ಮೂತ್ರಪಿಂಡಗಳ ಸುತ್ತ ಇರುತ್ತದೆ. ನಾವು ಬೊಜ್ಜು ಎಂದು ಬೈಯುವ ಬಿಳಿ ಕೊಬ್ಬು ಉಗ್ರಾಣ, ಇದು ಒಲೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಸಾಮಾನ್ಯವಾಗಿ ಪ್ರೋಟಾನುಗಳನ್ನು ಪೊರೆಯಾಚೆ ಒತ್ತರಿಸಿ, ಅವು ಹಿಂದಕ್ಕೆ ನುಗ್ಗುವ ರಭಸದಲ್ಲಿ ದೇಹಕ್ಕೆ ಬೇಕಾದ ಶಕ್ತಿಯ ಅಣುಗಳನ್ನು ತಯಾರಿಸುತ್ತವೆ. ಕೆರೆಯ ನೀರನ್ನು ತೂಬಿನಿಂದ ಬಿಟ್ಟು ಗದ್ದೆ ಮಾಡಿದ ಹಾಗೆ. ಕಂದು ಕೊಬ್ಬಿನಲ್ಲಿರುವ ಯುಸಿಪಿ-1 ಎಂಬ ಪ್ರೋಟೀನು ಆ ಏರಿಗೇ ತೂತು ಕೊರೆಯುತ್ತದೆ. ನೀರು ಗದ್ದೆಗೆ ಹೋಗದೆ ಪೋಲಾಗುತ್ತದೆ, ಆ ಪೋಲೇ ಬಿಸಿ. ಚರ್ಮಕ್ಕೆ ಚಳಿ ತಾಗಿದ ಸುದ್ದಿ ಮೆದುಳಿಗೆ ಮುಟ್ಟಿ, ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಸುರಿದಾಗ ಮಾತ್ರ ಈ ತೂತು ತೆರೆಯುತ್ತದೆ. ಚೆನ್ನಾಗಿ ಹೊತ್ತಿಕೊಂಡರೆ ಕಿಲೊ ಒಂದಕ್ಕೆ ಸುಮಾರು 300 ವ್ಯಾಟ್ ಕಾವು. ದೇಹದ ಉಳಿದ ಭಾಗದ ಲೆಕ್ಕ ಕಿಲೊಗೆ ಒಂದು ವ್ಯಾಟ್. ಬಣ್ಣ ಬಂದದ್ದು ಮೈಟೊಕಾಂಡ್ರಿಯಗಳಲ್ಲಿರುವ ಕಬ್ಬಿಣದಿಂದ.

1551ರಲ್ಲೇ ಸ್ವಿಟ್ಜರ್‌ಲೆಂಡಿನ ಕಾನ್ರಾಡ್ ಗೆಸ್ನರ್ ಬೆಟ್ಟದ ಅಳಿಲಿನಂಥ ಮಾರ್ಮೊಟ್‌ನ ಬೆನ್ನಲ್ಲಿ ಇದನ್ನು ಕಂಡು, ಕೊಬ್ಬೂ ಅಲ್ಲ ಮಾಂಸವೂ ಅಲ್ಲ ಎಂದು ಬರೆದಿಟ್ಟ. ಅದು ಬಿಸಿ ಹುಟ್ಟಿಸುವ ಅಂಗ ಎಂದು ತಿಳಿಯಲು ಇಪ್ಪತ್ತನೆಯ ಶತಮಾನದ ಅರುವತ್ತರ ದಶಕ ಬರಬೇಕಾಯಿತು. ದೊಡ್ಡವರಲ್ಲೂ ಅದು ಉಳಿದು ಕೆಲಸ ಮಾಡುತ್ತದೆ ಎಂದು 2009ರಲ್ಲಿ ಖಚಿತವಾದಾಗಿನಿಂದ ತೂಕ ಇಳಿಸುವ ವ್ಯಾಪಾರದವರೆಲ್ಲ ಅದರ ಹಿಂದೆ ಬಿದ್ದಿದ್ದಾರೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ನನ್ನ ಪ್ರಶ್ನೆ ಬೇರೆ: ಮೈಯೊಳಗೇ ಒಲೆ ಇಟ್ಟು ಕಳಿಸಿದ ಮೇಲೆ ಕೂಸಿಗೆ ಹೊರಗಿನ ಬಿಸಿ ಎಷ್ಟು ಬೇಕು?

ಬಹಳ ಬೇಕು. ಆ ಕೊಬ್ಬು ಕೂಸಿನ ತೂಕದ ನೂರಕ್ಕೆ ಐದರ ಆಸುಪಾಸು ಅಷ್ಟೇ. ಅದು ಉರಿಯಲು ಆಮ್ಲಜನಕ ಬೇಕು, ಉರುವಲಾಗಿ ಹಾಲು ಬೇಕು. ಗರ್ಭದ ಕೊನೆಯ ತಿಂಗಳುಗಳಲ್ಲಿ ಶೇಖರವಾಗುವುದರಿಂದ ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಇನ್ನೂ ಕಡಿಮೆ. ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರವು ದೊಡ್ಡವರದಕ್ಕಿಂತ ಸುಮಾರು ಮೂರು ಪಟ್ಟು, ಅಷ್ಟೂ ಕಡೆಯಿಂದ ಕಾವು ಸೋರುತ್ತದೆ. ಮೈ ಬತ್ತಲಿದ್ದರೆ ಅದಕ್ಕೆ ಹಿತವಾದ ತಾಪ 32–34 ಡಿಗ್ರಿ. ಪಾವಗಡದಲ್ಲಿ ಚಳಿಯಾ ಎಂದು ನಗುವವರು ಇದನ್ನೊಮ್ಮೆ ಯೋಚಿಸಬೇಕು. ಅಲ್ಲಿನ ತಿರುಮಣಿಯ ಬಯಲಲ್ಲಿ ಸೋಲಾರ್ ಫಲಕ ಹಾಸುವಷ್ಟು ಬಿಸಿಲಿರಬಹುದು. ಆದರೆ ಜುಲೈನ ಜಡಿಮಳೆಯ ರಾತ್ರಿ, 22 ಡಿಗ್ರಿಯಲ್ಲಿ ನಾವು ಸುಖವಾಗಿ ನಿದ್ದೆ ಹೋಗುವಾಗ, ಒದ್ದೆ ಬಟ್ಟೆಯ ಕೂಸು ಬೆನ್ನೊಳಗಿನ ಒಲೆಗೆ ಒಂದೇ ಸಮನೆ ಸೌದೆ ತುಂಬುತ್ತಿರುತ್ತದೆ. ಅದಕ್ಕೆ ನಡುಗಿ ಬಿಸಿಯಾಗುವುದೂ ಸರಿಯಾಗಿ ಬರದು. ನಡುಗದೆ, ಅಳದೆ, ಸುಮ್ಮನೆ ಹಾಲು ಬಿಟ್ಟು ತಣ್ಣಗಾಗುತ್ತದೆ. ನಮ್ಮ ಕಡೆಯ ಬಾಣಂತಿ ಕೋಣೆ, ಕುಲಾವಿ, ಕೆಂಡದ ಬಾಂಡ್ಲಿ, ಕಿವಿಗೆ ಹತ್ತಿ ಎಲ್ಲವೂ ಈ ಲೆಕ್ಕ ಬಲ್ಲವರು ಮಾಡಿದ್ದು. ಹೊಗೆಯೊಂದು ಬೇಡ, ಅಷ್ಟೆ.

ಹಾಗಿರುವಾಗ ಅದೇ ನಾಡಿನಲ್ಲಿ ಕೂಸನ್ನು ಹೊರಗಿಡುವ ಪದ್ಧತಿಯೂ ಬಾಳಿದೆ. ಶಿರಾ, ಪಾವಗಡದ ಕಡೆ ಕಾಡುಗೊಲ್ಲ ಸಮುದಾಯದ ಹಟ್ಟಿಗಳಿವೆ. ಹೆರಿಗೆಯ ಸೂತಕ ದೇವರಿಗೆ ಆಗದೆಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಾಚೆ ಗುಡಿಸಲಲ್ಲಿ ಬಿಡುವುದು ಹಲವು ಹಟ್ಟಿಗಳ ಕಟ್ಟಳೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆಗಾಳಿಯಲ್ಲಿದ್ದ ಹಸುಗೂಸೊಂದು ಕಾಯಿಲೆ ಬಿದ್ದು ತೀರಿಕೊಂಡಿತು. ಸಾವಿಗೆ ಚಳಿಯೊಂದೇ ಕಾರಣ ಎನ್ನಲು ನಾನು ವೈದ್ಯನಲ್ಲ. ಚಳಿ ಅದರ ಪಾಲಿಗೆ ಏನೆಂಬುದಂತೂ ಮೇಲಿನ ಲೆಕ್ಕದಲ್ಲೇ ಇದೆ.

ಹಿರಿಯರು ಹೇಳುವ ಮಾತೊಂದಿದೆ: "ನಾವೆಲ್ಲ ಆ ಗುಡ್ಲಲ್ಲೇ ಹುಟ್ಟಿ ಬೆಳೆದೋರಲ್ವಾ?" ಹೌದು, ಆದರೆ ಬದುಕಿ ಉಳಿದವರಷ್ಟೇ ಹಾಗೆ ಹೇಳಬಲ್ಲರು. ಇನ್ನೊಂದು ವಾದಕ್ಕೆ ತೂಕವಿದೆ: ಹೊರಗಿಟ್ಟರೆ ಬಾಣಂತಿಗೆ ದುಡಿಮೆ ತಪ್ಪುತ್ತದೆ, ಜನರ ಸೋಂಕು ತಗಲುವುದಿಲ್ಲ. ಒಪ್ಪಿದೆ. ಆದರೆ ವಿಶ್ರಾಂತಿಗೆ ಒಳಮನೆಯ ಮೂಲೆಯೂ ಆದೀತು, ಸೋಂಕು ತಡೆಯಲು ಬಾಗಿಲೂ ಸಾಕು. ಕಾವಿಗೆ ಮಾತ್ರ ಬದಲಿಯಿಲ್ಲ. ಹಂದಿಯನ್ನು ನೋಡಿ. ಯುಸಿಪಿ-1 ತಯಾರಿಸುವ ವಂಶವಾಹಿ ಅದರ ವಂಶದಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ, ಮರಿಗಳಿಗೆ ಒಳಗಿನ ಒಲೆಯೇ ಇಲ್ಲ. ಕಾಡುಹಂದಿ ಅದಕ್ಕೇ ಮರಿ ಹಾಕುವ ಮುನ್ನ ಹುಲ್ಲು, ಸೊಪ್ಪು, ಕಡ್ಡಿ ಒಟ್ಟಿ ಗೂಡು ಮಾಡುತ್ತದೆ, ಮರಿಗಳು ಅದರೊಳಗೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ.

ಆ ಅಜ್ಜನೂ ಹಟ್ಟಿಯವನೇ. ಮರಿಗೆ ಕಂಬಳಿ, ಒಲೆ ಎಂದವನನ್ನು ಬಾಣಂತಿಯ ವಿಷಯ ಕೇಳಿದೆ. ಬೀಡಿ ಆರುವವರೆಗೂ ಮಾತಾಡಲಿಲ್ಲ. "ಕುರಿಗೆ ಸೂತಕ ಎಲ್ಲೈತೆ ಸಾಮಿ" ಎಂದ ಕೊನೆಗೆ. ಸಮರ್ಥನೆಯೋ ಸಂಕಟವೋ, ಇಂದಿಗೂ ನನಗೆ ತಿಳಿದಿಲ್ಲ.

ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಊರಾಚೆ ಇಡುವುದನ್ನು ರಾಜ್ಯದ 2017ರ ಅನಿಷ್ಟ ಪದ್ಧತಿ ತಡೆ ಕಾಯ್ದೆ ಅಪರಾಧವೆಂದಿದೆ. ಹೀಗೆ ಹೊರಗಿರುವವರು ತಂಗಲೆಂದು ಸರ್ಕಾರ ಹಟ್ಟಿಗಳ ಬಳಿ ಕೃಷ್ಣಕುಟೀರಗಳನ್ನೂ ಕಟ್ಟಿಸಿತು. ಗುಡಿಸಲಿಗಿಂತ ಅದು ವಾಸಿ. ಮಳೆ ಒಳಗೆ ಬರುವುದಿಲ್ಲ. ಆದರೆ ಕಾವು ತಾರಸಿಯಿಂದ ಬರುವಂಥದ್ದಲ್ಲ, ಮೈಯಿಂದ ಮೈಗೆ ಬರುವಂಥದ್ದು. ಕೊಲಂಬಿಯದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಇನ್‌ಕ್ಯುಬೇಟರ್ ಸಾಲದೆ ಹೋದಾಗ ವೈದ್ಯರು ಕಡಿಮೆ ತೂಕದ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಕಟ್ಟಿ ಬದುಕಿಸಿದರು. ಈ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಶುರುಮಾಡಿದರೆ ಸಣ್ಣ ಕೂಸುಗಳ ಸಾವು ಕಾಲು ಭಾಗದಷ್ಟು ಇಳಿಯುತ್ತದೆಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತೋರಿಸಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಪ್ರಯತ್ನ ನಡೆದಿದೆ. ಅದಕ್ಕೆ ಖರ್ಚಿಲ್ಲ, ಜನ ಬೇಕು. ತಾಯಿ ನೀರು ಹುಯ್ದುಕೊಳ್ಳಲು ಎದ್ದಾಗ ಅಜ್ಜಿಯೋ ಅತ್ತೆಯೋ ಅಪ್ಪನೋ ಸೆರಗು, ಅಂಗಿ ಸರಿಸಿ ಕೂಸನ್ನು ಎದೆಗೆ ಹಾಕಿಕೊಳ್ಳಬೇಕು. ಸೂತಕದ ಕುಟೀರದಲ್ಲಿ ಊಟದ ತಟ್ಟೆಯನ್ನೂ ದೂರದಿಂದ ಇಟ್ಟು ಹೋಗುವವರು ಆ ಹೊತ್ತಿಗೆ ಕೂಸನ್ನು ಎತ್ತಿಕೊಳ್ಳುವರೇ?