ಗೋಡೆಯನ್ನು ದಾಟಿದ ಚೆಂಡು

ಗಣಕಯಂತ್ರದಲ್ಲಿ ಆಟಗಳನ್ನು ರಚಿಸುವುದು ಕಾಲಹರಣವೆಂದು ಹಿರಿಯರಲ್ಲಿ ಕೆಲವರು ಭಾವಿಸುವುದುಂಟು. ಆಡುವುದು ಬೇರೆ, ಆಟವನ್ನು ರಚಿಸುವುದು ಬೇರೆ ಎಂದು ನಾವು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.

ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಬಾಲಕ ಬಾಲಿಕೆಯರಿಗಾಗಿ ಹೊರತಂದ 'ಸ್ಕ್ರ್ಯಾಚ್' ಎಂಬ ಸಾಧನವನ್ನೇ ನೋಡೋಣ. ಅದರ ರಂಗಸ್ಥಳವು 480 ಮಾನ ಅಗಲ, 360 ಮಾನ ಎತ್ತರ. ನಟ್ಟನಡುವಿನ ಬಿಂದುವೇ ಸೊನ್ನೆ. ಚೆಂಡು ಬಲಕ್ಕೆ ಚಲಿಸಬೇಕಾದರೆ ಅದರ 'ಎಕ್ಸ್' ಬೆಲೆಯನ್ನು ಮತ್ತೆ ಮತ್ತೆ ಹೆಚ್ಚಿಸಬೇಕು. ಗೋಡೆ ತಗುಲಿತೇ ಎಂದು ಪ್ರತಿಸಲವೂ ವಿಚಾರಿಸಬೇಕು. ತಗುಲಿದರೆ ಕೂಡುವ ಸಂಖ್ಯೆಯನ್ನು ಋಣವಾಗಿಸಬೇಕು. ಆಗ ಚೆಂಡು ಹಿಂದಿರುಗುವುದು.

ಆದರೆ ಚೆಂಡಿನ ಅಗಲ 20, ಗೋಡೆಯ ದಪ್ಪ 10, ಒಂದು ನೆಗೆತ 40 ಆದರೆ? ಒಂದು ಕ್ಷಣ ಚೆಂಡು ಗೋಡೆಯ ಈಚೆಗಿದ್ದು, ಮರುಕ್ಷಣ ಆಚೆಗೆ ಇರಬಹುದು! ತಗುಲಿದ ಕ್ಷಣವೇ ಇಲ್ಲದ ಮೇಲೆ ಯಂತ್ರವು ಅದನ್ನು ಅರಿಯುವುದೆಂತು? ನೆಗೆತವನ್ನು ಹತ್ತು ಹತ್ತರ ನಾಲ್ಕು ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ವಿಚಾರಿಸುವುದೇ ಪರಿಹಾರ.

ಪರರು ಬರೆದುದನ್ನು ನಕಲು ಮಾಡಿ ಅಂದವಾದ ಆಟವನ್ನು ಪ್ರದರ್ಶಿಸುವ ವಿದ್ಯಾರ್ಥಿನಿಗೆ ಬಹುಮಾನ ದೊರೆಯುವುದೂ, ಚೆಂಡು ಗೋಡೆ ದಾಟಿಹೋದ ಬಾಲಿಕೆಯು ನಗೆಗೀಡಾಗುವುದೂ ನ್ಯಾಯವಲ್ಲ. ತಪ್ಪಿನ ಕಾರಣವನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿ ತಾನೇ ಕಂಡುಕೊಂಡವಳು ಗಣಿತವನ್ನು ನಿಜವಾಗಿ ಕಲಿತವಳು. ಆದುದರಿಂದ ಪರೀಕ್ಷಕರು ಆಟದ ಅಂದವನ್ನು ನೋಡುವುದಕ್ಕೆ ಮೊದಲು "ಇದು ಹೀಗೇಕೆ ಆಯಿತು, ಮಗು?" ಎಂದು ಕೇಳುವಂತಾಗಲಿ. ಉತ್ತರ ಹುಡುಕಲು ಅವಳಿಗೆ ಸಾವಕಾಶವನ್ನೂ ಕೊಡಲಿ. ಇದೇ ನಮ್ಮ ಪ್ರಾರ್ಥನೆ.