ಭಕ್ತಿಯಿಂದ ಮೆತ್ತಿದ ಸಿಮೆಂಟು

ಹಳೆಯ ದೇವಸ್ಥಾನದ ಗೋಡೆಗೆ ಸಿಮೆಂಟು ಮೆತ್ತಿಸಿದವರು ಯಾರೂ ಅದನ್ನು ಕೆಡಿಸಬೇಕೆಂದು ಮೆತ್ತಿಸಿದವರಲ್ಲ. ಊರವರು ಚಂದಾ ಎತ್ತುತ್ತಾರೆ, ಮುಜರಾಯಿ ಇಲಾಖೆಗೆ ಅಲೆದು ಅನುದಾನ ತರುತ್ತಾರೆ, ಸೋರುವ ಮಾಳಿಗೆಗೆ ಕಾಂಕ್ರೀಟು ಹಾಕಿಸಿ, ನೆಲಕ್ಕೆ ನುಣುಪಾದ ಗ್ರಾನೈಟ್ ಹಾಸಿ, ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿ, ದಾನಿಗಳ ಹೆಸರಿನ ಫಲಕ ನಿಲ್ಲಿಸುತ್ತಾರೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅದೇ ಗೋಡೆಯಲ್ಲಿ ಬಿಳಿಯ ಉಪ್ಪು ಒಸರತೊಡಗುತ್ತದೆ, ಕಲ್ಲಿನ ಮೈ ಹೊಪ್ಪಳಿಕೆಯಾಗಿ ಉದುರುತ್ತದೆ. ಆಗ ಮಳೆಯನ್ನು ದೂರುವುದು ಸುಲಭ. ನಿಜವಾದ ಕಾರಣ ತಿಳಿಯಬೇಕಾದರೆ ಕಲ್ಲಿನೊಳಗೆ ನೀರು ಹೇಗೆ ಓಡಾಡುತ್ತದೆ ಎಂಬುದು ಗೊತ್ತಿರಬೇಕು. ಅದನ್ನು ಬಲ್ಲವರು ನಮ್ಮ ಜೀರ್ಣೋದ್ಧಾರ ಸಮಿತಿಗಳಲ್ಲಾಗಲಿ, ಅಂದಾಜುಪಟ್ಟಿ ಬರೆಯುವ ಕಚೇರಿಗಳಲ್ಲಾಗಲಿ ಸಿಗುವುದು ಅಪರೂಪ. ಪರಂಪರೆಯ ಸಂರಕ್ಷಣೆಯನ್ನು ಒಂದು ವಿಜ್ಞಾನವಾಗಿ ಪದವಿ ಮಟ್ಟದಲ್ಲಿ ಕಲಿಸಬೇಕು, ಕಲಿತವರ ಮಾತಿಗೆ ಟೆಂಡರಿನಲ್ಲಿ ಬೆಲೆ ಇರಬೇಕು ಎಂಬ ವಾದಕ್ಕೆ ಇದೇ ಆಧಾರ.

ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿನದು, ಸಣ್ಣ ಸಣ್ಣ ರಂಧ್ರಗಳುಳ್ಳದ್ದು. ಗೋಡೆಯೊಳಗಿನ ತೇವ ಅದರ ಮೂಲಕವೇ ಹೊರಬಿದ್ದು ಆರುತ್ತದೆ. ಸವೆದರೆ ಗಾರೆ ಸವೆಯುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟು ಹಾಗಲ್ಲ. ಅದು ಸಂದಿಯನ್ನು ಬಿಗಿಯಾಗಿ ಮುಚ್ಚುತ್ತದೆ, ಜೊತೆಗೆ ತನ್ನೊಳಗಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಬಿಟ್ಟುಕೊಡುತ್ತದೆ. ದಾರಿ ಮುಚ್ಚಿದ ನೀರು ಕಲ್ಲಿನ ಮೈಯಿಂದಲೇ ಹೊರಡುತ್ತದೆ. ನೀರು ಆರಿದ ಮೇಲೆ ಕಲ್ಲಿನ ರಂಧ್ರಗಳಲ್ಲಿ ಉಳಿದ ಉಪ್ಪು ಹರಳುಗಟ್ಟಿ ಒಳಗಿನಿಂದ ಒತ್ತಿ ಒಡೆಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲಿಗೆ ಇದು ದೊಡ್ಡ ಶತ್ರು. ಬೇಲೂರು, ಹಳೇಬೀಡು, ಸೋಮನಾಥಪುರದ ಬಳಪದ ಕಲ್ಲಿನ ಕಥೆ ಬೇರೆ: ಮೃದುವಾದದ್ದರಿಂದಲೇ ಅದು ಅಷ್ಟು ಸೂಕ್ಷ್ಮ ಕೆತ್ತನೆಗೆ ಒಗ್ಗಿತು, ಮೃದುವಾದದ್ದರಿಂದಲೇ ತಂತಿ ಬ್ರಷ್ಷು ಅಥವಾ ಮರಳಿನ ಜೆಟ್ ತಾಗಿದರೆ ಉಳಿಯ ಗೆರೆಗಳನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಹಂಪಿಯಲ್ಲಿ ಕಣಶಿಲೆಯ ಬುಡದ ಮೇಲೆ ಇಟ್ಟಿಗೆ ಗಾರೆಯ ಗೋಪುರ. ಒಂದೇ ಕಟ್ಟಡಕ್ಕೆ ಎರಡು ಬಗೆಯ ಚಿಕಿತ್ಸೆ ಬೇಕು. ಇವೆಲ್ಲಕ್ಕೂ ಒಂದೇ ದರಪಟ್ಟಿ, ಒಂದೇ ಬಗೆಯ ಗುತ್ತಿಗೆ ಎಂದರೆ ರೋಗ ನೋಡದೆ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗಾಯಿತು.

ಇದನ್ನು ಹಳ್ಳಿಯವರ ಅಜ್ಞಾನ ಎಂದು ತಳ್ಳಿಹಾಕುವವರು ಅಥೆನ್ಸಿನ ಕಡೆ ನೋಡಬೇಕು. 1898ರಿಂದ ಕೆಲವು ದಶಕಗಳ ಕಾಲ ಅಕ್ರೊಪೊಲಿಸ್‌ನ ದುರಸ್ತಿ ನಡೆಸಿದ ನಿಕೊಲಾಸ್ ಬಲಾನೊಸ್ ಓದಿದ ಎಂಜಿನಿಯರ್. ಅಮೃತಶಿಲೆಯ ತುಂಡುಗಳನ್ನು ಆತ ಕಬ್ಬಿಣದ ಕೊಂಡಿಗಳಿಂದ ಬಿಗಿದ. ಪ್ರಾಚೀನ ಗ್ರೀಕರೂ ಕಬ್ಬಿಣವನ್ನೇ ಬಳಸಿದ್ದರು, ಆದರೆ ಸುತ್ತ ಸೀಸ ಎರೆದಿದ್ದರು. ಸೀಸವಿಲ್ಲದ ಹೊಸ ಕೊಂಡಿಗಳು ತುಕ್ಕು ಹಿಡಿದು ಹಿಗ್ಗಿ, ಎರಡು ಸಾವಿರ ವರ್ಷ ಬಾಳಿದ ಶಿಲೆಯನ್ನು ಸೀಳಿದವು. 1975ರಲ್ಲಿ ಸಮಿತಿಯೊಂದು ರಚನೆಯಾಗಿ, ಅವನ್ನು ಒಂದೊಂದಾಗಿ ಕಿತ್ತು ಟೈಟೇನಿಯಂ ಹಾಕುವ ಕೆಲಸ ಶುರುವಾಯಿತು. ಅಜಂತೆಯಲ್ಲೂ ಹೀಗೇ ಆಯಿತು. 1920ರ ದಶಕದ ಆರಂಭದಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಮತ್ತು ಓರ್ಸಿನಿ ಎಂಬ ಇಬ್ಬರು ಪರಿಣತರನ್ನು ಕರೆಸಿತು. ಕಿತ್ತುಬರುತ್ತಿದ್ದ ವರ್ಣಪದರಗಳನ್ನು ಅವರು ಅಂಟಿಸಿ ನಿಲ್ಲಿಸಿದ್ದೂ ನಿಜ, ಮೇಲೆ ಅರಗಿನ ವಾರ್ನಿಷ್ ಹಚ್ಚಿದ್ದೂ ನಿಜ. ಹಚ್ಚಿದಾಗ ಚಿತ್ರಗಳು ಫಳಫಳಿಸಿದವು. ಕಾಲಕ್ರಮೇಣ ಅರಗು ಹಳದಿಯಾಗಿ, ಕಂದಿ, ಮಸಿ ಧೂಳನ್ನು ಹಿಡಿದುಕೊಂಡು ಕುಳಿತಿತು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ: ಓದಿದವರೇ ಕೆಡಿಸಿದ ಮೇಲೆ ಇನ್ನಷ್ಟು ಓದಿಸಿ ಏನು ಪ್ರಯೋಜನ? ಆದರೆ ಬಲಾನೊಸ್ ಓದಿದ್ದು ಹೊಸದನ್ನು ಕಟ್ಟುವ ವಿದ್ಯೆ, ಹಳೆಯದು ಹೇಗೆ ಸಾಯುತ್ತದೆ ಎಂಬುದನ್ನಲ್ಲ. ಅಜಂತೆಯ ಅರಗನ್ನು ಪರೀಕ್ಷಿಸಿ, ಕೆಳಗಿನ ಬಣ್ಣಕ್ಕೆ ಧಕ್ಕೆಯಾಗದ ದ್ರಾವಕ ಹುಡುಕಿ, ಅಂಗುಲ ಅಂಗುಲವಾಗಿ ತೆಗೆದವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ರಸಾಯನಶಾಸ್ತ್ರಜ್ಞರು. 9 ಮತ್ತು 10ನೇ ಗುಹೆಗಳ ಅತಿ ಹಳೆಯ ಚಿತ್ರಗಳು ನಮ್ಮ ಕಾಲದಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದು ಆ ತಾಳ್ಮೆಯಿಂದ. ಇಂಥ ತಪ್ಪುಗಳಿಂದಲೇ ಈ ಶಾಸ್ತ್ರಕ್ಕೆ ಅದರ ಮುಖ್ಯ ನಿಯಮಗಳು ದಕ್ಕಿವೆ: ಆದಷ್ಟು ಕಡಿಮೆ ಕೈಹಾಕು, ಹಾಕಿದ್ದನ್ನು ಮುಂದಿನವರು ತೆಗೆಯುವಂತಿರಲಿ, ಮಾಡಿದ್ದೆಲ್ಲವನ್ನೂ ಬರೆದಿಡು. ಕೊನೆಯದು ಎಲ್ಲಕ್ಕಿಂತ ಅಗ್ಗ, ನಮ್ಮಲ್ಲಿ ಎಲ್ಲಕ್ಕಿಂತ ಅಪರೂಪ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಯುದ್ಧಚಿತ್ರಗಳನ್ನೇ ನೋಡಿ. ಅರಮನೆ 1784ರದು; ಚಿತ್ರಗಳ ಮೇಲೆ ಸುಣ್ಣ ಬಿದ್ದಿತ್ತು, ಆಮೇಲೆ ಬ್ರಿಟಿಷರ ಕಾಲದಲ್ಲಿ ಅವನ್ನು ಮತ್ತೆ ಬರೆಸಲಾಯಿತು. ಹಾಗಾದರೆ ಇಂದು ಕಾಣುವುದರಲ್ಲಿ ಟಿಪ್ಪುವಿನ ಕಾಲದ ಕುಂಚ ಎಷ್ಟು? ಇದನ್ನು ಬರೀ ಕಣ್ಣಿನಿಂದ ಹೇಳಲಾಗದು. ಕೃತಕ ಅಲ್ಟ್ರಾಮೆರೀನ್ ನೀಲಿಯನ್ನು ಕಂಡುಹಿಡಿದದ್ದು 1820ರ ದಶಕದಲ್ಲಿ. ಯಾವುದೇ ಗೋಡೆಯಲ್ಲಿ ಆ ನೀಲಿ ಸಿಕ್ಕರೆ ಅಷ್ಟು ಭಾಗ ಅದಕ್ಕಿಂತ ಹಳೆಯದಲ್ಲ ಎಂದು ಖಚಿತ. ಒಂದು ಚುಕ್ಕೆ ಬಣ್ಣ, ಒಂದು ಸೂಕ್ಷ್ಮದರ್ಶಕ, ಒಂದು ರೋಹಿತಮಾಪಕ ಇಷ್ಟರಿಂದ ಇತಿಹಾಸಕಾರರ ಎಷ್ಟೋ ಜಗಳ ಬಗೆಹರಿಯುತ್ತವೆ. (ಹೊಸ ಜಗಳಗಳೂ ಹುಟ್ಟುತ್ತವೆ, ಅದು ಬೇರೆ ಮಾತು.)

ಇನ್ನೂ ಬಲವಾದ ಆಕ್ಷೇಪ ಪರಂಪರೆಯ ಕಡೆಯಿಂದ ಬರುತ್ತದೆ. ಕಟ್ಟಿದವರು ಸ್ಥಪತಿಗಳು, ಪೂಜೆ ನಡೆಯುವ ಗುಡಿ ಮ್ಯೂಸಿಯಂ ಅಲ್ಲ, ಪ್ರಯೋಗಾಲಯದವರಿಗೆ ಇಲ್ಲೇನು ಕೆಲಸ? ಈ ಮಾತಿನ ಮೊದಲರ್ಧವನ್ನು ಪೂರ್ತಿ ಒಪ್ಪಬೇಕು. ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾರೆ ಅರೆಯುವ ಹದ ಗೊತ್ತಿರುವ ಮೇಸ್ತ್ರಿಯ ಕೈಯಲ್ಲಿರುವ ಜ್ಞಾನ ಯಾವ ಪಠ್ಯದಲ್ಲೂ ಪೂರ್ತಿ ಸಿಗದು. ಆತ ಕೋರ್ಸಿಗೆ ಸಹಾಯಕನಾಗಿ ಅಲ್ಲ, ಮೇಷ್ಟ್ರಾಗಿ ಬರಬೇಕು. ಆದರೆ ಪರಂಪರೆ ವಸ್ತುವಿನ ಗುಣವನ್ನು ಲೆಕ್ಕಿಸದೆ ನಡೆದದ್ದೇ ಇಲ್ಲ. ತಿರುವನಂತಪುರದ ಪದ್ಮನಾಭನ ಮೂಲಮೂರ್ತಿ ಮಣ್ಣು, ಅಂಟು ಮುಂತಾದವನ್ನು ಬೆರೆಸಿದ ಕಡುಶರ್ಕರ ಪಾಕದ್ದು, ಶ್ರೀರಂಗದ ರಂಗನಾಥ ಗಾರೆಯ ಮೂರ್ತಿ. ಎರಡಕ್ಕೂ ನೀರಿನ ಅಭಿಷೇಕವಿಲ್ಲ. ಮೂರ್ತಿಯ ವಸ್ತು ನೋಡಿ ಸೇವೆಯ ವಿಧಿಯನ್ನೇ ಬದಲಿಸಿದ ಸಂಪ್ರದಾಯ ಅದು. ಅದರ ಹೆಸರಿನಲ್ಲಿ ಕಲ್ಲಿನ ಕಂಬಕ್ಕೆ ಎನಾಮೆಲ್ ಬಳಿಯುವುದಕ್ಕೆ ಆಗಮದ ಬೆಂಬಲ ಹುಡುಕಬೇಕಾಗಿಲ್ಲ. ಅದು ಪೇಂಟಿನ ಅಂಗಡಿಯ ಸಂಪ್ರದಾಯ.

ಓದಿದವರಿಗೆ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ರಾಜ್ಯದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳು ಐನೂರಕ್ಕೂ ಹೆಚ್ಚು, ಮುಜರಾಯಿ ದೇವಸ್ಥಾನಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಕೆಲಸಕ್ಕೆ ಬರವಿಲ್ಲ, ಹುದ್ದೆಗೆ ಬರ. ಕಡಿಮೆ ದರ ಕೂಗಿದವನಿಗೇ ಗುತ್ತಿಗೆ ಎಂಬ ಪದ್ಧತಿಯಲ್ಲಿ, ಆರು ತಿಂಗಳು ತೇವ ಅಳೆದು ನೋಡೋಣ ಎನ್ನುವ ತಜ್ಞನಿಗೆ ಜಾಗವೇ ಇಲ್ಲ. ಹಾಗಾಗಿ ಕೋರ್ಸು ಮತ್ತು ನಿಯಮ ಒಟ್ಟಿಗೆ ಬರಬೇಕು. ಇಂತಿಷ್ಟು ವರ್ಷ ಹಳೆಯದಾದ ಯಾವುದೇ ಗುಡಿ, ಮಸೀದಿ, ಬಸದಿ, ಚರ್ಚಿಗೆ ಸರ್ಕಾರದ ಹಣ ಬಿಡುಗಡೆಯಾಗುವ ಮೊದಲು ತರಬೇತಾದ ಸಂರಕ್ಷಕರ ಲಿಖಿತ ವರದಿ ಕಡ್ಡಾಯವಾಗಲಿ; ವರದಿಯ ಖರ್ಚನ್ನು ಅಂದಾಜುಪಟ್ಟಿಯಲ್ಲೇ ಸೇರಿಸಲಿ. ಹಾಗೆ ಮಾಡದೆ ಪದವಿ ತೆರೆದರೆ ಮತ್ತೊಂದಿಷ್ಟು ನಿರುದ್ಯೋಗಿಗಳು ತಯಾರಾಗುತ್ತಾರೆ, ಅಷ್ಟೆ.

ಆರಂಭಕ್ಕೆ ಮೈಸೂರಿಗಿಂತ ತಕ್ಕ ಜಾಗ ಹುಡುಕಬೇಕಾಗಿಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಅಲ್ಲಿದೆ, ರಾಜ್ಯ ಪುರಾತತ್ತ್ವ ಇಲಾಖೆಯ ಕೇಂದ್ರ ಕಚೇರಿ ಅಲ್ಲಿದೆ, ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಿಕ್ಕ ಪ್ರಾಚ್ಯವಿದ್ಯಾ ಸಂಶೋಧನಾಲಯ ಅಲ್ಲಿದೆ, ರಸಾಯನ ಮತ್ತು ಭೂವಿಜ್ಞಾನ ಕಲಿಸುವ ವಿಶ್ವವಿದ್ಯಾಲಯವೂ ಅಲ್ಲೇ. ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು ಒಂದು ಸೆಮಿಸ್ಟರ್ ಓಲೆಗರಿಯ ಮೇಲೆ, ಇನ್ನೊಂದು ಸೆಮಿಸ್ಟರ್ ಸೋಮನಾಥಪುರದ ಕಲ್ಲಿನ ಮೇಲೆ ಕೆಲಸ ಮಾಡುವಂಥ ಎರಡು ವರ್ಷದ ಜಂಟಿ ಕೋರ್ಸಿಗೆ ಹೊಸ ಕಟ್ಟಡವಾಗಲಿ ಶಂಕುಸ್ಥಾಪನೆಯಾಗಲಿ ಬೇಕಿಲ್ಲ. ಈ ಸಂಸ್ಥೆಗಳು ಒಂದು ಮೇಜಿನ ಸುತ್ತ ಕುಳಿತು ಪಠ್ಯಕ್ರಮ ಮತ್ತು ಮುಜರಾಯಿ ನಿಯಮದ ಕರಡನ್ನು ಒಟ್ಟಿಗೇ ಬರೆದರೆ ಸಾಕು.